ಒಂದು ಹಿಡಿ ಹೊಟ್ಟು

ಜೂನ್ ೩

ಅಕ್ಕಾ,

ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಲ್ಲ, ಬರೆದಿದ್ದೇನೆ ಎಂದುಕೋ. ಕಿಟಕಿಯಾಚೆ ಏನೂ ಕಾಣುತ್ತಿಲ್ಲ. ಮೋಡ ಬಾಗಿಲ ತನಕ ಬಂದು ನಿಂತಿದೆ, ಬಾ ಎಂದರೆ ಒಳಗೆ ಬಂದು ಕುರ್ಚಿಯಲ್ಲಿ ಕೂತುಬಿಡುತ್ತದೆ. ಈ ಹವಾಮಾನ ಕೇಂದ್ರಕ್ಕೆ ಬಂದು ಆರು ವರ್ಷವಾಯಿತು, ಬೆಳಗ್ಗೆ ಎದ್ದ ಕೂಡಲೆ ಬೆಟ್ಟ ಯಾವುದು ಮೋಡ ಯಾವುದು ಎಂದು ನನಗೆ ಇನ್ನೂ ಗೊತ್ತಾಗುವುದಿಲ್ಲ. ಇವರು ಎಂದಿನಂತೆ ಬಲೂನು ಹಾರಿಸಿ, ಅದರ ಕೆಳಗೆ ತೂಗುವ ಪುಟ್ಟ ಪೆಟ್ಟಿಗೆ ಮೇಲಿನಿಂದ ಕಳಿಸುವ ಶಬ್ದಗಳನ್ನು ಕಿವಿಗೆ ಹಾಕಿಕೊಂಡು ಕೂತಿದ್ದಾರೆ. ಮಾತು ನನಗಿಂತ ಆ ಪೆಟ್ಟಿಗೆಯ ಜೊತೆಗೇ ಹೆಚ್ಚು. ಕಟ್ಟಿಕೊಂಡದ್ದು ನನ್ನನ್ನೋ ಬಲೂನನ್ನೋ ಎಂದು ಕೇಳಿದರೆ, ನಕ್ಕು ಮೀಸೆ ಒರೆಸಿಕೊಳ್ಳುತ್ತಾರೆ.

ಮನೆಯಲ್ಲಿ ಸಾಮಾನು ಕಾಣೆಯಾಗುತ್ತಿದೆ. ಒಗೆಯಲು ಹಾಕಿದ್ದ ನನ್ನ ಹಳೆಯ ಸ್ವೆಟರ್ ಇಲ್ಲ. ತಲೆಗೆ ಕಟ್ಟುವ ಬಟ್ಟೆ ಇಲ್ಲ. ದಿಂಬಿನ ಚೀಲ ಇಲ್ಲ. ಬಿಸ್ಕತ್ತಿನ ಡಬ್ಬಿ ತುಂಬಿಸಿದಷ್ಟೂ ಖಾಲಿ. ಮೊನ್ನೆ ಮಣಿಕಟ್ಟಿಗೆ ಕಚ್ಚಿಸಿಕೊಂಡೆ, ಸಣ್ಣ ಸಣ್ಣ ಹಲ್ಲಿನ ಗುರುತು. ಗಾಬರಿಯಾಗಬೇಡ, ಮಾಯುತ್ತಿದೆ. ಈಗ ದಿನಕ್ಕೆ ಮೂರು ತಟ್ಟೆ ತೊಳೆಯುತ್ತೇನೆ. ಕೈ ಸುಮ್ಮನಿರುವುದಿಲ್ಲ ಎಂದು ಕೆಂಪು ಉಣ್ಣೆಯಲ್ಲಿ ಒಂದು ಜೊತೆ ಸಣ್ಣ ಕಾಲುಚೀಲ ಹೆಣೆದೆ.

ನಿನಗೆ ಹೇಳುವುದು ಒಂದಿದೆ. ಈಗ ಹೇಳುವುದಿಲ್ಲ. ಹಿಂದೆ ಮೂರು ಸಲವೂ ಮೊದಲು ನಿನಗೇ ಹೇಳಿದೆ, ಮೂರು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಸಲ ನನ್ನ ಬಾಯಿಗೆ ನಾನೇ ಹೊಲಿಗೆ ಹಾಕಿಕೊಂಡಿದ್ದೇನೆ.

ಬದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಸುಮ್ಮನೆ. ನಿನ್ನ ಪ್ರಯೋಗಶಾಲೆಯಲ್ಲಿ ಒಂದು ಇಲಿಯ ಮರಿಯನ್ನು ಇನ್ನೊಂದರ ಹತ್ತಿರ ಬಿಟ್ಟರೆ, ಅದು ತನ್ನದು ಎಂದುಕೊಳ್ಳುತ್ತದಾ? ಮರಿ ಎಷ್ಟು ದೊಡ್ಡದಾಗುವ ತನಕ ಒಪ್ಪುತ್ತದೆ? ಉದ್ದವಾಗಿ ಬರೆ. ಇಲ್ಲಿಗೆ ಫೋನಿಲ್ಲ, ಇರುವ ರೇಡಿಯೋ ಆಫೀಸಿನದು. ವಾರಕ್ಕೊಮ್ಮೆ ಜೀಪು ತರುವ ನಿನ್ನ ಕಾಗದ ಬಿಟ್ಟರೆ ನನಗೆ ಓದಲು ಉಷ್ಣಾಂಶದ ಅಂಕಿಗಳೇ ಗತಿ.

ತಂಗಿ


ಜೂನ್ ೧೪

ಪುಟ್ಟೀ,

ನಿನ್ನ ಮನೆಗೆ ಇಲಿ ಸೇರಿದೆ. ಬಟ್ಟೆ ಎಳೆದುಕೊಂಡು ಹೋಗಿದೆ, ಬಿಸ್ಕತ್ತು ತಿಂದಿದೆ, ಹಲ್ಲಿನ ಗುರುತು ಬೇರೆ! ಹಗಲೆಲ್ಲ ಇಲಿಗಳ ಜೊತೆ ಬಾಳುವೆ ಮಾಡುವವಳಿಗೆ ಇಷ್ಟೂ ತಿಳಿಯದಿದ್ದರೆ ನನ್ನ ಓದು ನೀರಿನಲ್ಲಿ ಹೋಮ. ಮಂಚದ ಕೆಳಗೆ ನೋಡು, ಸ್ವೆಟರ್ ಉಂಡೆಯಾಗಿ ಅಲ್ಲೇ ಬಿದ್ದಿರುತ್ತದೆ. ಸಿಕ್ಕಿದ ತಕ್ಷಣ ಕೊಡವಬೇಡ, ಒಳಗೆ ಮರಿ ಇರಬಹುದು. ಗಾಯಕ್ಕೆ ಮುಲಾಮು ಹಚ್ಚು. ಕಾಲುಚೀಲದ ಸಾಲನ್ನು ನಾನು ಓದಲೇ ಇಲ್ಲ, ನನಗೆ ಏನೂ ಗೊತ್ತಿಲ್ಲ, ನಾನು ಏನೂ ಕೇಳುವುದೂ ಇಲ್ಲ. ಭಾರ ಎತ್ತಬೇಡ, ಅಷ್ಟೇ.

ಪ್ರಶ್ನೆಗೆ ಬರುತ್ತೇನೆ. ಇಲಿಮನೆ ಹೇಗಿದೆ ಎಂದು ನಿನಗೆ ಯಾವತ್ತೂ ಹೇಳಿಲ್ಲ, ಅಲ್ಲವಾ? ಒಳಗೆ ಹೋಗುವ ಮುಂಚೆ ಸ್ನಾನ ಮಾಡಬೇಕು, ವಾಸನೆಯಿಲ್ಲದ ಸೋಪಿನಲ್ಲಿ. ಅಲ್ಲಿಯದೇ ಬಟ್ಟೆ, ಅಲ್ಲಿಯದೇ ಚಪ್ಪಲಿ, ತಲೆಗೆ ಕುಲಾವಿ. ನಮ್ಮ ವಾಸನೆ ಅವಕ್ಕೆ ತಾಗಬಾರದು. ಇಷ್ಟು ವರ್ಷ ಹೀಗೆ ಉಜ್ಜಿ ಉಜ್ಜಿ ನನಗೆ ನನ್ನದು ಅಂತ ಒಂದು ವಾಸನೆಯೇ ಉಳಿದಿಲ್ಲ. ಬಾಡಿಗೆ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟರೆ ಯಾರೂ ವಾಸವಿಲ್ಲದ ಮನೆಯ ಹಾಗಿರುತ್ತದೆ. ಇಲಿಮನೆಯಲ್ಲಿ ಹಗಲು ಹೊತ್ತು ಮಂದವಾದ ಕೆಂಪು ದೀಪ. ಅವಕ್ಕೆ ಅದು ರಾತ್ರಿ, ಎಚ್ಚರವಾಗಿರುವ ಹೊತ್ತು. ಗೋಡೆಯ ಉದ್ದಕ್ಕೂ ಪಂಜರಗಳು, ಒಂದೊಂದರಲ್ಲೂ ಮರದ ಹೊಟ್ಟಿನ ಹಾಸು, ಅದರೊಳಗೆ ಸರಸರ ಸದ್ದು. ಸ್ವಲ್ಪ ಹೊತ್ತು ನಿಂತರೆ ನಾನು ಎದ್ದಿದ್ದೇನೋ ಕನಸಿನಲ್ಲಿದ್ದೇನೋ ಎನ್ನಿಸುತ್ತದೆ.

ಮರಿಗೆ ತಾಯಿ ಬದಲಿಸುವುದು ನಮ್ಮಲ್ಲಿ ಇದ್ದದ್ದೇ. ಕೆಲವು ತಾಯಿಗಳು ಹೆತ್ತು ತಿರುಗಿ ನೋಡುವುದಿಲ್ಲ. ಆಗ ಬೇರೆ ಬಾಣಂತಿಯ ಪಂಜರದಿಂದ ಒಂದು ಹಿಡಿ ಕೊಳೆ ಹೊಟ್ಟು ತೆಗೆದು, ಈ ಮರಿಗಳ ಮೈಗೆ ಮೆಲ್ಲಗೆ ಉಜ್ಜುತ್ತೇವೆ. ಶುಭ್ರವಾದ ಹೊಟ್ಟು ಆಗುವುದಿಲ್ಲ, ಅವಳು ಮಲಗಿ ಎದ್ದದ್ದೇ ಆಗಬೇಕು. ಆಮೇಲೆ ಅವಳ ಸ್ವಂತ ಮರಿಗಳ ನಡುವೆ ಇವನ್ನು ಸೇರಿಸಿಬಿಡುತ್ತೇವೆ. ಅವಳು ಬಂದು ಮೂಸುತ್ತಾಳೆ. ತನ್ನದೇ ವಾಸನೆ. ಸರಿ, ಬಾ, ಎಂದು ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಾಳೆ. ಇದೆಲ್ಲ ಹುಟ್ಟಿದ ಮೊದಲ ಕೆಲವು ದಿನಗಳ ಮಾತು. ಕಣ್ಣು ಬಿಟ್ಟು ಓಡಾಡುವ ಮರಿಯನ್ನು ಹೀಗೆ ಬಿಡುವ ಧೈರ್ಯ ನಾವು ಮಾಡುವುದಿಲ್ಲ.

ಇದರಲ್ಲೇ ನಾನು ಈ ವರ್ಷ ಎಡವಿದ್ದೇನೆ. ನನ್ನ ಕೆಲಸ ಏನೆಂದರೆ, ಹೊಟ್ಟೆಯಲ್ಲಿ ಮನೆ ಮಾಡುವ ಒಂದು ಬ್ಯಾಕ್ಟೀರಿಯಾ ಇದೆ, ತಿರುಪು ಮೊಳೆಯ ಆಕಾರದ್ದು, ಒಮ್ಮೆ ಹೊಕ್ಕರೆ ಔಷಧಿಯಿಲ್ಲದೆ ಜನ್ಮವಿಡೀ ಹೋಗುವುದಿಲ್ಲ. ಹೊಟ್ಟೆಯ ಆಮ್ಲದಲ್ಲಿ ಕಬ್ಬಿಣವೇ ಸವೆಯುತ್ತದೆ, ಇದು ಲೋಳೆಯ ಕೆಳಗೆ ಬೆಚ್ಚಗೆ ಮಲಗಿರುತ್ತದೆ. ಅದನ್ನು ಇಲಿಗಳಿಗೆ ಕೊಟ್ಟು, ಮೈಯೊಳಗಿನ ಕಾವಲು ಕಣಗಳು ಏನು ಮಾಡುತ್ತವೆ ಎಂದು ಸೂಕ್ಷ್ಮದರ್ಶಕದಡಿ ಗಾಜಿನ ಮೇಲೆ ನೋಡುತ್ತೇನೆ. ಬೆಳೆದ ಇಲಿಗೆ ಕೊಟ್ಟರೆ ಕಾವಲಿನವರೆಲ್ಲ ಎದ್ದು ಬರುತ್ತಾರೆ, ಹೊಟ್ಟೆಯ ಗೋಡೆ ಉರಿಯುತ್ತದೆ, ತಿಂಗಳುಗಟ್ಟಲೆ ಉರಿದು ಕೊನೆಗೆ ಬಾಡುತ್ತದೆ. ಸೋಂಕೇ ತಾಗದ ಒಂದು ಗುಂಪೂ ನನಗೆ ಬೇಕಿತ್ತು, ಹೋಲಿಸಿ ನೋಡಲು. ಆ ಗುಂಪಿಗೆ ಎಂದು ಹುಟ್ಟಿದ ಮರಿಗಳನ್ನು ತಾಯಿ ಒಲ್ಲೆನೆಂದಳು. ಸಾಯುವುದನ್ನು ನೋಡಲಾರದೆ ಇನ್ನೊಬ್ಬ ಬಾಣಂತಿಗೆ ಬಿಟ್ಟೆ. ಔಷಧಿ ಕೊಟ್ಟು ವಾಸಿಮಾಡಿದ ಇಲಿ ಅದು, ಪರೀಕ್ಷೆಯೂ ಸರಿಯಿತ್ತು. ಆದರೆ ವಾಸಿಯಾಗಿರಲಿಲ್ಲ ಪುಟ್ಟಿ. ನಾನು ಉಜ್ಜಿದ ಆ ಹಿಡಿ ಹೊಟ್ಟಿನಲ್ಲೇ ರೋಗವೂ ಇತ್ತು.

ಈಗ ಅವು ದೊಡ್ಡವಾಗಿವೆ. ಮೊನ್ನೆ ಒಂದರ ಹೊಟ್ಟೆಯನ್ನು ಗಾಜಿನ ಮೇಲಿಟ್ಟು ನೋಡಿ ನಾನು ಕುರ್ಚಿ ಬಿಟ್ಟು ಎದ್ದೆ. ಬ್ಯಾಕ್ಟೀರಿಯಾ ಕಿಕ್ಕಿರಿದಿದೆ, ಆದರೆ ಉರಿಯಿಲ್ಲ. ಗುಲಾಬಿ ಬಣ್ಣದ ಕಣಿವೆಗಳು ಹಾಗೇ ನುಣ್ಣಗೆ ಮಲಗಿವೆ. ಹಸುಳೆಯಾಗಿದ್ದಾಗ ಬಂದದ್ದನ್ನು ಮೈ ತನ್ನದೇ ಎಂದುಕೊಂಡುಬಿಟ್ಟಿದೆ. ಸುಮ್ಮನಿರಿ, ಇವರು ನಮ್ಮವರು ಎಂದು ಉಳಿದವರನ್ನು ಕೂರಿಸುವ ಕಣಗಳೂ ಇರುತ್ತವೆ, ಗೊತ್ತಾ. ಮೊದಲ ವಾರದಲ್ಲಿ ಬಂದವರು ಮನೆಯವರು, ಆಮೇಲೆ ಬಂದವರು ಕಳ್ಳರು. ಹೊಟ್ಟೆಯ ಲೆಕ್ಕ ಅಷ್ಟು ಸರಳ.

ನಮ್ಮ ಪ್ರಯೋಗಶಾಲೆ ನಡೆಸುವ ಮೇಡಂಗೆ ಇನ್ನೂ ಹೇಳಿಲ್ಲ. ಅವರ ಬಾಗಿಲ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ನೀನು ಮಾತ್ರ ಹಾಯಾಗಿ ಮೋಡ ನೋಡಿಕೊಂಡಿರು.

ಅಕ್ಕ


ಜುಲೈ ೧

ಪುಟ್ಟೀ,

ಎರಡು ವಾರವಾಯಿತು, ನಿನ್ನಿಂದ ಒಂದು ಗೀಟೂ ಇಲ್ಲ. ಬೆಟ್ಟದ ರಸ್ತೆ ಕುಸಿದಿದೆ ಎಂದು ಅಂಚೆ ಕಚೇರಿಯವರು ಹೇಳಿದರು. ಅದೇ ಕಾರಣವೆಂದು ನಂಬಿದ್ದೇನೆ. ನಾಲ್ಕನೆಯ ಸಲವೂ ಹಾಗೇ ಆಯಿತೇನೋ ಎಂಬುದು ನನ್ನ ತಲೆಯಲ್ಲಿ ಬರುತ್ತದೆ, ಬಂದ ಕೂಡಲೆ ಓಡಿಸುತ್ತೇನೆ.

ಮೇಡಂಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸುತ್ತಾ "ಮರಿ ಸತ್ರೆ ಇನ್ನೊಂದು ಹುಟ್ಟುತ್ತೆ ಕಣಮ್ಮ, ವರ್ಷ ಹೋದ್ರೆ ಹುಟ್ಟಲ್ಲ" ಅಂದರು. ಆ ಗುಂಪನ್ನು ಈ ತಿಂಗಳ ಕೊನೆಗೆ ಮುಗಿಸಿಬಿಡುವಂತೆ ಹೇಳಿದ್ದಾರೆ. ನಾನು ಬೇಡುತ್ತಿದ್ದೇನೆ. ಇವು ತಪ್ಪಿನಿಂದ ಹುಟ್ಟಿದ ಗುಂಪಾದರೂ ನೋಡಬೇಕಾದ ಗುಂಪು ಎಂದು ದಿನವೂ ಅವರ ಬಾಗಿಲಲ್ಲಿ ನಿಲ್ಲುತ್ತೇನೆ.

ನಿನ್ನೆ ಒಂದು ಕನಸು. ನಾನು ಗಾಜಿನ ಮೇಲಿನ ಆ ಗುಲಾಬಿ ಕಣಿವೆಯಲ್ಲಿ ನಡೆಯುತ್ತಿದ್ದೆ. ನೆಲ ಮೆತ್ತಗೆ, ಬೆಚ್ಚಗೆ. ತಲೆಯ ಮೇಲೆ ಮೋಡದ ಬದಲು ಲೋಳೆ, ಅದರಲ್ಲಿ ನಿನ್ನ ಮನೆಯವರ ಬಲೂನು ತೇಲುತ್ತಿತ್ತು. ದಾರಿಯ ಪಕ್ಕದಲ್ಲಿ ಕಾವಲಿನವರು ಸಾಲಾಗಿ ಕೂತಿದ್ದರು. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ನನ್ನನ್ನು ನೋಡಲೂ ಇಲ್ಲ. ಎಚ್ಚರವಾದಾಗ ನನಗೆ ಬಹಳ ಬೇಸರವಾಗಿತ್ತು. ಯಾಕೆ ಬೇಸರ ಎಂದು ಹಲ್ಲುಜ್ಜುವಾಗಲೂ ಯೋಚಿಸಿದೆ, ತಿಳಿಯಲಿಲ್ಲ.

ಒಂದು ಸಾಲಾದರೂ ಬರೆ.

ಅಕ್ಕ


ಜುಲೈ ೪

ಅಕ್ಕಾ,

ಮೂರು ವಾರದ ಮೇಲೆ ಇವತ್ತು ಜೀಪು ಬಂತು. ಜೂನ್ ಹದಿನಾಲ್ಕರ ನಿನ್ನ ಕಾಗದ ಈಗ ಕೈಯಲ್ಲಿದೆ. ಜೀಪಿನಣ್ಣ ಸಿಲಿಂಡರು ಇಳಿಸಿ ಊಟ ಮಾಡಿ ಹೋಗುವುದರೊಳಗೆ ಇದನ್ನು ಬರೆದು ಕೊಡಬೇಕು.

ಇಲಿಯಲ್ಲ ಅಕ್ಕಾ. ನಿನ್ನ ಊಹೆಯ ಇನ್ನೊಂದೂ ಅಲ್ಲ. ಮಗು ಹೌದು, ನಾನು ಹೆರುವುದಲ್ಲ. ನನ್ನ ಮೈದುನ, ಲಾರಿ ಓಡಿಸುತ್ತಿದ್ದವನು, ಹೋದ ವರ್ಷ ತೀರಿಕೊಂಡನಲ್ಲ, ಅವನ ಮಗಳು. ಏಳು ವರ್ಷ. ತಾಯಿಯನ್ನು ಕಂಡೇ ಇಲ್ಲ. ಅಪ್ಪ ಹೋದ ಮೇಲೆ ವಸತಿಶಾಲೆಯಲ್ಲಿಟ್ಟಿದ್ದರು, ಮಾರ್ಚಿನಲ್ಲಿ ನಾವು ಕರೆದುಕೊಂಡು ಬಂದೆವು. ಬೇರು ಬಿಡಲಿ, ಆಮೇಲೆ ನಿನಗೆ ಹೇಳೋಣ ಎಂದುಕೊಂಡಿದ್ದೆ.

ಬೇರು ಬಿಡಲಿಲ್ಲ. ಇವರು ಅವಳನ್ನು ಬೆಂಕಿಪೊಟ್ಟಣ ಎನ್ನುತ್ತಾರೆ. ಇವರಿಗೆ ತಮಾಷೆ, ಗೀರುವುದು ನನ್ನ ಮೇಲಲ್ಲವಾ! ಮುಟ್ಟಿದರೆ ಕಚ್ಚುತ್ತಾಳೆ. ತಲೆ ಬಾಚಲು ಬಿಡುವುದಿಲ್ಲ. ಮಳೆ ಅಳೆಯುವ ಪಾತ್ರೆಗೆ ಚೊಂಬಿನಲ್ಲಿ ನೀರು ಸುರಿದಿಟ್ಟಳು. ಕಣ್ಣು ಕುಕ್ಕುವ ಬಿಸಿಲಿನ ದಿನ ಇವರು ಜೋರು ಮಳೆಯೆಂದು ವರದಿ ಕಳಿಸಿ ಬೈಸಿಕೊಂಡರು. ನಾನು ಹೆಣೆದ ಕೆಂಪು ಕಾಲುಚೀಲವನ್ನು ಎರಡು ದಿನ ಹಾಕಿಕೊಂಡಳು, ನನಗೆ ಸ್ವರ್ಗ ಮೂರೇ ಗೇಣು. ಮೂರನೆಯ ಬೆಳಗ್ಗೆ ಅದರಲ್ಲಿ ಒಂದನ್ನು ಬಲೂನಿನ ದಾರಕ್ಕೆ ಕಟ್ಟಿ ಆಕಾಶಕ್ಕೆ ಬಿಟ್ಟಳು. ನಾನು ಅಂಗಳದಲ್ಲಿ ನಿಂತು ನೋಡಿದೆ, ಕೆಂಪಗೆ ಮೇಲೆ ಹೋಗಿ ಮೋಡದಲ್ಲಿ ಕರಗಿತು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನನ್ನನ್ನು ಕರೆದಿಲ್ಲ. ದೊಡ್ಡಮ್ಮ ಎನ್ನುವುದು ಬೇಡ, "ಏಯ್" ಎಂದೂ ಇಲ್ಲ.

ನೀನು ಹೇಳಿದ್ದಕ್ಕೆ ಈಗಷ್ಟೇ ಮಂಚದ ಕೆಳಗೆ ನೋಡಿದೆ. ಸ್ವೆಟರ್, ತಲೆಬಟ್ಟೆ, ದಿಂಬಿನ ಚೀಲ, ಎಲ್ಲ ಉಂಡೆ ಕಟ್ಟಿ ಇಟ್ಟಿದ್ದಾಳೆ, ಬಿಸ್ಕತ್ತಿನ ಪುಡಿಯ ಸಮೇತ. ಒಗೆದು ಮಡಿಸಿದ ಹೊಸ ಸ್ವೆಟರ್ ಪಕ್ಕದ ಕುರ್ಚಿಯಲ್ಲೇ ಇತ್ತು, ಅದನ್ನು ಮುಟ್ಟಿಲ್ಲ. ನಾನು ಮೈಮೇಲಿಂದ ತೆಗೆದು ಹಾಕಿದ್ದನ್ನೇ ಹುಡುಕಿ ಹುಡುಕಿ ಕದ್ದಿದ್ದಾಳೆ, ಎಂಥ ಹಟ ನೋಡು. ಎಲ್ಲವನ್ನೂ ಎಳೆದು ಸೋಪಿನ ನೀರಿಗೆ ಹಾಕಿದೆ. ಹಾಕಿದ ಕೂಡಲೆ ಓಡಿಬಂದು ಕಚ್ಚಿದಳು, ಈ ಸಲ ರಕ್ತ ಬರುವ ಹಾಗೆ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಮೊದಲ ವಾರದಲ್ಲಿ ಬಂದವರು ಮನೆಯವರು, ಆಮೇಲೆ ಬಂದವರು ಕಳ್ಳರು. ಇಷ್ಟು ದಿನ ನನಗೆ ಗೊತ್ತಿದ್ದೂ ಹೇಳಿಕೊಳ್ಳಲಾಗದ್ದನ್ನು ನೀನು ಒಂದು ಸಾಲಿನಲ್ಲಿ ಬರೆದುಬಿಟ್ಟಿದ್ದೀಯ. ಹೊಟ್ಟೆಗೇ ಗೊತ್ತಂತೆ, ನಮಗೆ ಗೊತ್ತಾಗದೆ ಇರುತ್ತದಾ? ಏಳು ವರ್ಷ ತಡವಾಗಿದೆ. ತಿಂಗಳುಗಟ್ಟಲೆ ಉರಿದು ಕೊನೆಗೆ ಅವಳೂ ಬಾಡುತ್ತಾಳೆ, ನಾನೂ ಬಾಡುತ್ತೇನೆ. ಇವರು "ನಿನ್ನಿಷ್ಟ" ಎಂದು ಹೇಳಿ ಬಲೂನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ವಸತಿಶಾಲೆಗೂ ಇದೇ ಜೀಪಿನಲ್ಲಿ ಬರೆದು ಕಳಿಸುತ್ತಿದ್ದೇನೆ. ಹದಿನೆಂಟರ ಜೀಪಿನಲ್ಲಿ ಅವಳನ್ನು ಕಳಿಸುತ್ತೇವೆ.

ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ಹೊಟ್ಟೆಗೆ ಹಾಕಿಕೋ. ನನಗೂ ಮನಸ್ಸಿಲ್ಲ ಅಕ್ಕಾ. ಒಂದು ಚೂರೂ ಮನಸ್ಸಿಲ್ಲ.

ತಂಗಿ


ಜುಲೈ ೧೨

ಪುಟ್ಟೀ, ಕತ್ತೆ, ಪೆದ್ದೀ,

ಇದು ನಿನಗೆ ಆ ಜೀಪು ಹೊರಡುವುದರೊಳಗೆ ತಲುಪಬೇಕು. ಅಂಚೆಯವನ ಕೈಕಾಲು ಹಿಡಿದು ಇವತ್ತಿನ ಚೀಲಕ್ಕೇ ಹಾಕಿಸುತ್ತಿದ್ದೇನೆ. ಕಳಿಸಬೇಡ. ಮೊದಲು ಅದನ್ನು ಓದು, ಉಳಿದದ್ದು ಆಮೇಲೆ. ಕಳಿಸಬೇಡ.

ನಾನು ಬರೆದದ್ದು ಇಲಿಯ ಹೊಟ್ಟೆಯ ವಿಷಯ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನ್ನ ಕಥೆಯಲ್ಲಿ ಮರಿಯೂ ಇತ್ತು, ರೋಗವೂ ಇತ್ತು. ನೀನು ಮಗುವನ್ನು ರೋಗದ ಜಾಗದಲ್ಲಿ ಕೂರಿಸಿ ಓದಿದ್ದೀಯ. ಅವಳು ಮರಿ ಪುಟ್ಟಿ. ಅವಳು ಮರಿ. ಹಾಗೆ ಓದುವಂತೆ ಬರೆದವಳು ನಾನೇ, ಚಂದದ ವಾಕ್ಯ ಸಿಕ್ಕಿತೆಂದು ಹಿಂದೆಮುಂದೆ ನೋಡದೆ. ನೀನು ಏನನ್ನೋ ಮುಚ್ಚಿಟ್ಟು ಕೇಳುತ್ತಿದ್ದೀಯ ಎಂದು ತಿಳಿದೂ ನಾನು ತಿರುಗಿ ಕೇಳಲಿಲ್ಲ. ಮೂರು ತಟ್ಟೆ ಎಂದು ಬರೆದಿದ್ದೆ ನೀನು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ, ನನ್ನ ಕಣ್ಣಿಗಿಷ್ಟು ಮಣ್ಣು ಹಾಕ.

ರೋಗದ ಲೆಕ್ಕದಲ್ಲೇ ನೋಡುತ್ತೇನೆ ಎಂದರೂ ಅದು ಅಷ್ಟು ಸರಳವಲ್ಲ, ನಾನು ಸುಳ್ಳು ಹೇಳಿದೆ. ಲಸಿಕೆ ಹಾಕಿದ ಇಲಿಗಳ ಒಂದು ಗುಂಪಿದೆ. ಸೋಂಕು ಕೊಟ್ಟ ಮೇಲೆ ಅವುಗಳ ಹೊಟ್ಟೆ ಎಲ್ಲಕ್ಕಿಂತ ಜೋರಾಗಿ ಉರಿಯುತ್ತದೆ. ಆ ಹೊತ್ತಿನಲ್ಲಿ ನೋಡಿದವರು ಈ ಲಸಿಕೆ ಹಾಳು, ತಿಪ್ಪೆಗೆ ಹಾಕಿ ಅನ್ನುತ್ತಾರೆ. ನಾವೂ ಅಂದಿದ್ದೆವು. ಮೇಡಂ ತಡೆದು ಕಾಯಿಸಿದರು. ಕಾದರೆ ರೋಗ ಇಳಿಯುತ್ತಾ ಬಂತು, ಅದರ ಹಿಂದೆಯೇ ಉರಿಯೂ ಇಳಿಯಿತು. ಎಲ್ಲ ಉರಿಯೂ ಒಳ್ಳೆಯದು ಎನ್ನುತ್ತಿಲ್ಲ. ಉರಿಯ ನಡುವೆ ನಿಂತು ತೀರ್ಪು ಕೊಡಬಾರದು ಎನ್ನುತ್ತಿದ್ದೇನೆ. ನಾಲ್ಕು ತಿಂಗಳು ಎಷ್ಟರ ಮಾತು?

ಈಗ ನಿನ್ನ ಕಾಗದವನ್ನು ನೀನೇ ಓದು. ಒಗೆದದ್ದನ್ನು ಮುಟ್ಟಲಿಲ್ಲ, ನೀನು ಮೈಮೇಲಿಂದ ತೆಗೆದದ್ದನ್ನೇ ಹುಡುಕಿ ಕದ್ದಳು. ದಿಂಬಿನ ಚೀಲ. ತಲೆಬಟ್ಟೆ. ಅದರಲ್ಲಿ ಗೂಡು ಮಾಡಿ ಒಳಗೆ ಮಲಗುತ್ತಿದ್ದಳು. ನಾವು ಹಿಡಿ ಹೊಟ್ಟು ತೆಗೆದು ಮರಿಯ ಮೈಗೆ ಉಜ್ಜುತ್ತೇವೆ, ಅವಳಿಗೆ ಉಜ್ಜುವವರು ಯಾರೂ ಇರಲಿಲ್ಲ. ತಾನೇ ಉಜ್ಜಿಕೊಳ್ಳುತ್ತಿದ್ದಳು. ನೀನು ಬಂದು ಮೂಸಲಿ ಎಂದು ಕಾಯುತ್ತಿದ್ದಳು. ನೀನು ಎಲ್ಲವನ್ನೂ ಎಳೆದು ಸೋಪಿನ ನೀರಿಗೆ ಹಾಕಿದೆ. ನಾನಾಗಿದ್ದರೂ ಕಚ್ಚುತ್ತಿದ್ದೆ.

ಕಣ್ಣು ಬಿಟ್ಟ ಮರಿಯನ್ನು ಇಲಿ ಒಪ್ಪುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಇಲಿಯಲ್ಲ. ನಿನಗೆ ಓದಲು ಬರುತ್ತದೆ.

ಅಕ್ಕ


ಜುಲೈ ೨೨

ಅಕ್ಕಾ,

ನಿನ್ನ ಕಾಗದವನ್ನು ತಂದದ್ದೂ ಅವಳನ್ನು ಕರೆದೊಯ್ಯಲು ಬಂದದ್ದೂ ಒಂದೇ ಜೀಪು.

ಆ ದಿನ ಬೆಳಗ್ಗೆಯಿಂದ ಮೋಡ ಇಳಿದಿತ್ತು. ಅವಳು ತಗಡಿನ ಪೆಟ್ಟಿಗೆಯ ಮೇಲೆ ಅಂಗಳದಲ್ಲಿ ಕೂತಿದ್ದಳು. ಪೆಟ್ಟಿಗೆ ಅವಳೇ ತುಂಬಿಕೊಂಡಿದ್ದು, ನನಗೆ ಮುಟ್ಟಲು ಬಿಟ್ಟಿರಲಿಲ್ಲ. ಜೀಪಿನಣ್ಣ ಲಕೋಟೆ ನನ್ನ ಕೈಗೆ ಕೊಟ್ಟು "ಬೇಗ ಹತ್ತಿಸಮ್ಮ, ಕೆಳಗೆ ರಸ್ತೆ ಕಾಣ್ದೆ ಹೋಗುತ್ತೆ" ಅಂದ. ಕತ್ತೆ ಎಂದು ಶುರುವಾದ ಕಾಗದವನ್ನು ಆಮೇಲೆ ಓದೋಣ ಎಂದು ಯಾರಿಗೆ ತಡೆದೀತು? ಅಲ್ಲೇ ನಿಂತು ಓದಿದೆ. ಎರಡನೆಯ ಸಲ ಓದುವಾಗ ಅಕ್ಷರ ಕಾಣಲಿಲ್ಲ.

ಅವಳ ಮುಂದೆ ಕೂತು "ಪೆಟ್ಟಿಗೆ ತೆಗಿ" ಅಂದೆ. ಹಲ್ಲು ಕಚ್ಚಿ ತಲೆಯಾಡಿಸಿದಳು. "ಬಯ್ಯಲ್ಲ, ತೆಗಿ." ಅವಳು ಸರಿದು ನಿಂತಳು. ನಾನೇ ತೆಗೆದೆ. ನನ್ನ ಅಡುಗೆಮನೆಯ ಅಂಗಿ, ಒಗೆಯಲು ಹಾಕಿದ್ದ ಹೊದಿಕೆ, ಇವರ ಹಳೆಯ ಮಫ್ಲರು, ಮತ್ತೆ ಅದೇ ದಿಂಬಿನ ಚೀಲ. ಅವಳ ಬಟ್ಟೆ ಒಂದೂ ಇರಲಿಲ್ಲ.

"ನಿನ್ ಫ್ರಾಕೆಲ್ಲ ಎಲ್ಲೇ?"

"ಹಿಡೀಲಿ‌ಲ್ಲ" ಅಂದಳು.

ಅಕ್ಕಾ, ನಾನು ಮೈಮೇಲಿದ್ದ ಸ್ವೆಟರ್ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅದು ಇನ್ನೂ ಬೆಚ್ಚಗಿತ್ತು. ಅವಳು ಹಿಡಿದುಕೊಂಡು "ವಾಪಸ್ ಕೊಡ್ಬೇಕಾ?" ಅಂದಳು. ಬೇಡ ಅಂದೆ. "ಒಗೀತೀಯಾ?" ಅಂದಳು. ಒಗೆಯಲ್ಲ ಅಂದೆ. ಜೀಪಿನಣ್ಣ ಹಾರ್ನ್ ಹೊಡೆದ. ಬಲೂನಿನ ಕೋಣೆಯ ಬಾಗಿಲು ತೆರೆಯಿತು. ವರ್ಷಕ್ಕೆ ನಾಲ್ಕು ಮಾತಾಡುವ ನನ್ನ ಗಂಡ ಬಂದು "ನೀನು ಹೊರಡಪ್ಪ, ಇಲ್ಲಿಂದ ಯಾರೂ ಬರಲ್ಲ" ಅಂದರು.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಇವತ್ತು ಮತ್ತೆ ಲೋಟ ಒಡೆದಿದ್ದಾಳೆ. ತಲೆ ಬಾಚಲು ಈಗಲೂ ಬಿಡುವುದಿಲ್ಲ. ಆದರೆ ನಿನ್ನೆ ಸಂಜೆ ನಾನು ಒಲೆಯ ಹತ್ತಿರ ಇದ್ದಾಗ ಹಿಂದಿನಿಂದ "ಏಯ್" ಅಂದಳು. ಮೊದಲ ಸಲ ಕರೆದದ್ದು! ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಕಾಶಕ್ಕೆ ಹೋದ ಕಾಲುಚೀಲದ ವಿಷಯವೂ ಕೇಳಿದೆ. "ಅಪ್ಪ ಮೇಲಿದಾನೆ ಅಂದ್ರಲ್ಲ. ನಾನು ಇಲ್ಲಿಗ್ ಬಂದಿದೀನಿ ಅಂತ ಅವನಿಗ್ ಹೆಂಗ್ ಗೊತ್ತಾಗುತ್ತೆ?" ಅಂದಳು. ಎರಡು ದಿನ ಹಾಕಿಕೊಂಡದ್ದು ಅದಕ್ಕೇ. ಬಲೂನು ಮೇಲೆ ಹೋಗಿ ಒಡೆದುಹೋಗುತ್ತದೆ ಎಂದು ಇವರಿಗೂ ನನಗೂ ಗೊತ್ತು. ಅವಳಿಗಿನ್ನೂ ಹೇಳಿಲ್ಲ.

ನಿನ್ನ ಕಾಗದಗಳನ್ನು ಅವಳಿಗೆ ಓದಿ ಹೇಳಿದೆ. ನೀನೀಗ ಇಲಿ ದೊಡ್ಡಮ್ಮ. ಹೊಟ್ಟು ಉಜ್ಜುವ ಭಾಗವನ್ನು ಮೂರು ಸಲ ಓದಿಸಿದಳು. ಆ ಮರಿಗಳನ್ನು ಏನು ಮಾಡುತ್ತಾರೆ ಎಂದು ಕೇಳುತ್ತಿದ್ದಾಳೆ. ನಿನಗೆ ಮನೆಯಲ್ಲಿ ಯಾರಿದ್ದಾರೆ ಎಂದೂ ಕೇಳಿದಳು. ಯಾರೂ ಇಲ್ಲ ಅಂದೆ. ಯಾವಾಗ ಬರುತ್ತೀಯ? ಆರು ವರ್ಷದಲ್ಲಿ ಬೆಟ್ಟ ಹತ್ತಿಲ್ಲ ನೀನು. ಇಲ್ಲಿ ಬೆಟ್ಟ ಅಗೆದರೆ ಒಂದು ಇಲಿಯಾದರೂ ಸಿಗುತ್ತದೆ, ಬಾ.

ಲಕೋಟೆ ಅಂಟಿಸುವ ಕೆಲಸ ಅವಳಿಗೆ ಕೊಟ್ಟಿದ್ದೇನೆ. ಉಳಿದಿದ್ದ ಇನ್ನೊಂದು ಕೆಂಪು ಕಾಲುಚೀಲವೂ ಬೆಳಗ್ಗೆಯಿಂದ ಕಾಣುತ್ತಿಲ್ಲ.

ತಂಗಿ


ಆಗಸ್ಟ್ ೯

ಬೆಂಕಿಪೊಟ್ಟಣಕ್ಕೆ,

ಇದು ನಿನಗೇ ಬರೆದ ಕಾಗದ. ಕಷ್ಟದ ಅಕ್ಷರ ಬಂದರೆ ನಿನ್ನ "ಏಯ್" ಓದಿ ಹೇಳುತ್ತಾಳೆ.

ಲಕೋಟೆ ದಿಂಬಿನ ಹಾಗೆ ಉಬ್ಬಿತ್ತು. ಅಂಚೆಯವನು ಎರಡು ಬೆರಳಲ್ಲಿ ಹಿಡಿದು ತಂದ. ತೆಗೆದರೆ ನಿನ್ನ ಕೆಂಪು ಕಾಲುಚೀಲ. ಎಷ್ಟು ದಿನ ಹಾಕಿಕೊಂಡಿದ್ದೆ? ನಿಜ ಹೇಳುತ್ತೇನೆ, ಗಬ್ಬು ನಾರುತ್ತದೆ. ಅದನ್ನು ನನ್ನ ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ಈಗ ಬೀಗ ತೆಗೆದು ಒಳಗೆ ಬಂದರೆ ಮನೆಯಲ್ಲಿ ಯಾರೋ ಇದ್ದಾರೆ ಎನ್ನಿಸುತ್ತದೆ.

ಮರಿಗಳ ವಿಷಯ ಕೇಳಿದ್ದೀಯ. ನಿನಗೆ ಸುಳ್ಳು ಹೇಳುವುದಿಲ್ಲ. ಇಲಿಯ ಹೊಟ್ಟೆಯೊಳಗೆ ನೋಡಬೇಕಾದರೆ ಆ ಇಲಿ ಸಾಯಬೇಕಾಗುತ್ತದೆ. ಅವು ಮೇಲೆ ಎಲ್ಲೂ ಹೋಗುವುದಿಲ್ಲ, ಸಾಯುತ್ತವೆ, ನನಗೆ ದುಃಖವಾಗುತ್ತದೆ, ಆದರೂ ನೋಡುತ್ತೇನೆ. ನಾನು ತಪ್ಪಾಗಿ ಉಜ್ಜಿದ ಮರಿಗಳಲ್ಲಿ ಕೆಲವನ್ನು ಹಾಗೆ ನೋಡಿಯಾಯಿತು. ಉಳಿದವನ್ನು ಕೊಲ್ಲಬಾರದು, ವಯಸ್ಸಾಗುವ ತನಕ ಸಾಕಿ ನೋಡಬೇಕು ಎಂದು ಮೇಡಂ ಹೇಳಿದ್ದಾರೆ. ಅದು ಮೊದಲಿಂದಲೂ ತಮ್ಮದೇ ಯೋಚನೆ ಎಂದೂ ಹೇಳುತ್ತಿದ್ದಾರೆ, ನಾನು ಹೂಂ ಅಂದಿದ್ದೇನೆ.

ನನಗೆ ರಜೆ ಸಿಕ್ಕಿದೆ. ಬೆಟ್ಟಕ್ಕೆ ಬರಬೇಕೆಂದಿದ್ದೇನೆ. ಆದರೆ ನಾನು ಹೊಸಬಳು, ಕಣ್ಣು ಬಿಟ್ಟು ಬಹಳ ವರ್ಷವಾದವಳು. ಅದಕ್ಕೇ ಈ ಲಕೋಟೆಯಲ್ಲಿ ನನ್ನ ಕೈವಸ್ತ್ರ ಇಟ್ಟಿದ್ದೇನೆ. ಒಂದು ವಾರ ಇಲಿಮನೆಗೆ ಹೋಗದೆ, ಆ ಸೋಪು ಮುಟ್ಟದೆ, ಕುತ್ತಿಗೆಗೆ ಸುತ್ತಿಕೊಂಡು ಓಡಾಡಿದ್ದು. ಒಗೆದಿಲ್ಲ.

ಮೂಸಿ ನೋಡು. ಒಪ್ಪಿಗೆಯಾದರೆ ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನನಗೆ ಬರೆ. ಬರುವ ಮೊದಲ ಜೀಪು ಹತ್ತುತ್ತೇನೆ.

ಇಲಿ ದೊಡ್ಡಮ್ಮ